ಸಾವ್ತಲೊ ಸರ್ ಬೆಟ್ಟದಲ್ಲಿ ನಾಲ್ವರ ಲೆಕ್ಕ

2005ರ ಜೂನ್ 28ರಂದು ಅಫ್ಘಾನಿಸ್ತಾನದ ಕುನಾರ್ ಪ್ರಾಂತ್ಯದಲ್ಲಿ ನಡೆದದ್ದನ್ನು ಸಾಹಸಗಾಥೆಯಾಗಿ ಎಷ್ಟೋ ಮಂದಿ ಹೇಳಿದ್ದಾರೆ. ಸಣ್ಣ ಗಸ್ತು ತುಕಡಿಗಳ ಕೆಲಸ ಬಲ್ಲವರ ಕಣ್ಣಿಗೆ ಮಾತ್ರ ಆ ದಿನ ಮೊದಲು ಬೀಳುವುದು ಒಂದು ಲೆಕ್ಕವಾಗಿ. ನಾಲ್ಕು ಜನ ಅಂದರೆ ಎರಡು ಜೋಡಿ. ಒಬ್ಬನಿಗೆ ಗುಂಡು ತಗುಲಿದರೆ ಅವನನ್ನು ನೋಡಿಕೊಳ್ಳಲು ಇನ್ನೊಬ್ಬ ಬೇಕು, ಅಲ್ಲಿಗೆ ಅರ್ಧದಷ್ಟು ಬಂದೂಕು ಸುಮ್ಮನಾದಂತೆ. ಇಬ್ಬರು ಬಿದ್ದರೆ ಹೊತ್ತು ಸಾಗಿಸುವ ಮಾತೇ ಇಲ್ಲ. ಉಳಿಯುವ ದಾರಿ ಒಂದೇ: ಹೊರಗಿನವರಿಗೆ ಸುದ್ದಿ ಮುಟ್ಟಬೇಕು.

ಆ ನಾಲ್ವರು ಅಮೆರಿಕದ ನೌಕಾಪಡೆಯ ಸೀಲ್ ಎಂಬ ವಿಶೇಷ ಪಡೆಯ ಯೋಧರು. ನಾಯಕ ಲೆಫ್ಟಿನೆಂಟ್ ಮೈಕೆಲ್ ಮರ್ಫಿ. ಡ್ಯಾನಿ ಡೀಟ್ಜ್ ಸಂಪರ್ಕದ ಹೊಣೆ ಹೊತ್ತವರು. ಮ್ಯಾಥ್ಯೂ ಆ್ಯಕ್ಸೆಲ್‌ಸನ್ ಸ್ನೈಪರ್. ಮಾರ್ಕಸ್ ಲಟ್ರೆಲ್ ಸ್ನೈಪರ್ ಮಾತ್ರವಲ್ಲ, ತುಕಡಿಯ ವೈದ್ಯ ಸಹಾಯಕ ಕೂಡ. ಇವರಿಗೆ ಕೊಟ್ಟಿದ್ದ ಕೆಲಸ ಹೋರಾಟವಲ್ಲ, ನೋಟ. ಅಹ್ಮದ್ ಶಾ ಎಂಬ ದಂಗೆಕೋರ ನಾಯಕ ಎಲ್ಲಿದ್ದಾನೆ, ಜೊತೆಗೆ ಎಷ್ಟು ಜನರಿದ್ದಾರೆ ಎಂದು ಅಡಗಿ ಕುಳಿತು ನೋಡಿ ತಿಳಿಸಬೇಕಿತ್ತು. ಅಂಥ ಕೆಲಸಕ್ಕೆ ಜನ ಕಡಿಮೆ ಇದ್ದಷ್ಟೂ ಅಡಗುವುದು ಸುಲಭ. ಸಿಕ್ಕಿಬಿದ್ದ ಗಳಿಗೆಯಲ್ಲಿ ಅದೇ ಅನುಕೂಲ ತಿರುಗಿ ಹೊಡೆಯುತ್ತದೆ.

ಜೂನ್ 27ರ ರಾತ್ರಿ ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿದು, ಕತ್ತಲಲ್ಲೇ ನಡೆದು ನೋಡುವ ಜಾಗ ಸೇರಿದರು. ಸಾವ್ತಲೊ ಸರ್ ಬೆಟ್ಟದ ಎತ್ತರ ಸುಮಾರು 2,800 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದಕ್ಕಿಂತ ಕಾಲು ಭಾಗಕ್ಕೂ ಮೀರಿ ಇಳಿದಿರುತ್ತದೆ. ಹೊರೆ ಹೊತ್ತು ಅಂಥ ಇಳಿಜಾರಿನಲ್ಲಿ ನಡೆಯುವವನಿಗೆ ದಿನಕ್ಕೆ ನಾಲ್ಕರಿಂದ ಆರು ಲೀಟರ್ ನೀರು ಬೇಕು. ನೀರೊಂದೇ ನಾಲ್ಕರಿಂದ ಆರು ಕಿಲೋ ಆಯಿತು. ಅದರ ಮೇಲೆ ಗುಂಡು, ದುರ್ಬೀನು, ರೇಡಿಯೊ, ಬ್ಯಾಟರಿ. ಹೊರೆ ಇಳಿಸಲು ಹೊರಟವರು ಕೈಹಾಕುವುದು ಹೆಚ್ಚಾಗಿ ಬ್ಯಾಟರಿಗೋ ನೀರಿಗೋ, ಎರಡೂ ತಪ್ಪು ಜಾಗ.

ಬೆಳಗಾದ ಮೇಲೆ ಮೇಕೆ ಕಾಯುವವರು ಅವರ ಮೇಲೆಯೇ ನಡೆದು ಬಂದರು. ಕೈಯಲ್ಲಿ ಆಯುಧವಿರಲಿಲ್ಲ. ಅವರನ್ನು ಬಿಟ್ಟುಬಿಟ್ಟದ್ದರ ಬಗ್ಗೆ ಇಂದಿಗೂ ವಾದ ನಡೆಯುತ್ತದೆ. ಬಿಟ್ಟದ್ದು ಸರಿ ಎಂದೇ ನನ್ನ ನಿಲುವು. ನಿರಾಯುಧ ನಾಗರಿಕನನ್ನು ಕೊಲ್ಲುವುದು ಯುದ್ಧದ ಕಾನೂನಿನಲ್ಲೂ ಅಪರಾಧ, ಬಂದೂಕು ಹಿಡಿದವನ ಮನಸ್ಸಿನಲ್ಲೂ ಅಪರಾಧ. ಕಟ್ಟಿಹಾಕಿದರೆ ಮೇಕೆಗಳು ಅಲ್ಲೇ ಸುತ್ತಾಡುತ್ತವೆ, ಮನೆಯವರು ಹುಡುಕಿಕೊಂಡು ಬರುತ್ತಾರೆ. ಅಡಗುದಾಣ ಬಯಲಾದ ಮೇಲೆ ಮಾಡಬೇಕಾದ್ದು ಮೂರೇ: ಸುದ್ದಿ ಕೊಡು, ಜಾಗ ಬಿಡು, ಹೊರಗೆ ಕರೆದೊಯ್ಯಲು ಕೇಳು. ಜಾಗ ಬಿಡುವುದು ತುಕಡಿಯ ಕೈಯಲ್ಲಿತ್ತು, ಬಿಟ್ಟರು. ಉಳಿದೆರಡಕ್ಕೂ ರೇಡಿಯೊ ಬೇಕು.

ಅದು ಕೈಕೊಟ್ಟದ್ದರಲ್ಲಿ ನಿಗೂಢವೇನೂ ಇಲ್ಲ. ಕೈಯಲ್ಲಿ ಹಿಡಿಯುವ ಗಸ್ತು ರೇಡಿಯೊದ ಶಕ್ತಿ ಹೆಚ್ಚೆಂದರೆ ಐದು ವಾಟ್. ಅದರ ಅಲೆ ನೇರವಾಗಿ ಹೋಗುತ್ತದೆ, ಬೆಟ್ಟ ಅಡ್ಡ ಬಂದರೆ ಅಲ್ಲಿಗೇ ಮುಗಿಯಿತು. ಉಪಗ್ರಹದ ಮೂಲಕ ಮಾತಾಡುವ ಉಪಕರಣಕ್ಕೆ ತೆರೆದ ಆಕಾಶ ಬೇಕು. ಕಡಿದಾದ ಕಣಿವೆಯಲ್ಲಿ ಬಂಡೆಯೋ ಮರವೋ ಆಕಾಶದ ಬೇಕಾದ ತುಂಡನ್ನೇ ಮುಚ್ಚಿರುತ್ತದೆ. ಗುಂಡಿನಿಂದ ಕಾಯುವ ಮರೆಯೇ ದನಿಯನ್ನೂ ತಡೆಯುತ್ತದೆ. ಹಾಗಾಗಿ ಗಸ್ತು ಹೊರಡುವ ಮೊದಲೇ ನಕ್ಷೆಯ ಮೇಲೆ ಯಾವ ಜಾಗದಿಂದ ಯಾರಿಗೆ ಮಾತು ಮುಟ್ಟುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಗೊತ್ತುಮಾಡಿದ ಹೊತ್ತಿಗೆ ಕರೆ ಬರದಿದ್ದರೆ ಹಿಂದಿರುವವರು ಏನು ಮಾಡಬೇಕು ಎಂಬುದೂ ಬರೆದಿಟ್ಟಿರಬೇಕು.

ಬ್ರಿಟನ್ನಿನ ಎಸ್‌ಎಎಸ್ ಎಂಬ ವಿಶೇಷ ಪಡೆಗೂ ಇದರ ನೋವು ಗೊತ್ತು. 1991ರ ಜನವರಿಯಲ್ಲಿ ಇರಾಕಿನಲ್ಲಿ ಇಳಿದ ಬ್ರಾವೊ ಟೂ ಝೀರೊ ಗಸ್ತಿನ ಎಂಟು ಜನರಿಗೆ ಕೊಟ್ಟಿದ್ದ ರೇಡಿಯೊ ತರಂಗಾಂತರಗಳೇ ತಪ್ಪು. ರಾತ್ರಿ ನಡೆಯುವಾಗ, ಮೇಲೆ ಹಾರುತ್ತಿದ್ದ ವಿಮಾನಕ್ಕೆ ತುರ್ತು ರೇಡಿಯೊದಲ್ಲಿ ಕರೆ ಕೊಡಲು ಹಿಂದಿನವರು ನಿಂತರು. ಆ ಮಾತು ಮುಂದಿನವರಿಗೆ ದಾಟಲಿಲ್ಲ, ಮೂವರು ನಡೆದುಬಿಟ್ಟರು, ಐವರು ಉಳಿದರು. ಎಂಟು ಜನರಲ್ಲಿ ಒಟ್ಟು ಮೂವರು ಸತ್ತರು, ಅವರಲ್ಲಿ ಇಬ್ಬರು ಗುಂಡಿನಿಂದಲ್ಲ, ಚಳಿಯಿಂದ. ನಿಂತಾಗ ಹೆಗಲು ಮುಟ್ಟಿ ಹೇಳುವುದು, ತಲೆ ಎಣಿಸಿ ಮುಂದಕ್ಕೆ ಅಡಿಯಿಡುವುದು ಹೊಸಬರಿಗೆ ಬೇಸರದ ಕೆಲಸ. ನನ್ನ ಪಾಲಿಗೆ ಸೋದರತ್ವ ಶುರುವಾಗುವುದೇ ಅಲ್ಲಿ.

ಸಾವ್ತಲೊ ಸರ್‌ನಲ್ಲಿ ಎದುರಾಳಿಗಳು ಮೇಲಿನಿಂದಲೂ ಪಕ್ಕಗಳಿಂದಲೂ ಬಂದರು. ಮರ್ಫಿಯ ಮರಣೋತ್ತರ ಪದಕದ ಪತ್ರದಲ್ಲಿ ಅವರ ಸಂಖ್ಯೆ 30ರಿಂದ 40 ಎಂದಿದೆ. ಇಂಥಲ್ಲಿ ಒಂದು ಜೋಡಿ ಗುಂಡು ಹಾರಿಸುವಾಗ ಇನ್ನೊಂದು ಜೋಡಿ ಸರಿಯಬೇಕು, ಒಂದೊಂದು ಓಟ ಮೂರರಿಂದ ಐದು ಸೆಕೆಂಡಿಗಿಂತ ಹೆಚ್ಚಿರಬಾರದು, ಅಷ್ಟರೊಳಗೆ ಗುರಿಯಿಟ್ಟು ಹೊಡೆಯುವುದು ಎದುರಾಳಿಗೆ ಕಷ್ಟ. ಮಟ್ಟಸ ನೆಲದಲ್ಲಿ ನಡೆಯುವ ಈ ಕ್ರಮ ಕಡಿದಾದ ಇಳಿಜಾರಿನಲ್ಲಿ ಬೇಗ ಹರಿದುಹೋಗುತ್ತದೆ. ಸರಿಯುವುದು ಬೀಳುವುದಾಗುತ್ತದೆ. ಈ ನಾಲ್ವರು 20ರಿಂದ 30 ಅಡಿ ಕೆಳಕ್ಕೆ ಧುಮುಕುತ್ತ ಇಳಿದರೆಂದು ನೌಕಾಪಡೆಯ ವರದಿ ಹೇಳುತ್ತದೆ. ಹಾಗೆ ಬಿದ್ದಾಗ ಮೊದಲು ಕಳಚುವುದು ಮೈಗೆ ಬಿಗಿಯದ ಸಾಮಾನು.

ಗಾಯದ ವಿಷಯಕ್ಕೆ ಬರೋಣ. ಗುಂಡಿನ ಮಳೆಯಲ್ಲಿ ಮೊದಲ ಚಿಕಿತ್ಸೆ ಎದುರು ಗುಂಡೇ. ಆಮೇಲೆ ಕೈಕಾಲಿನಿಂದ ಚಿಮ್ಮುವ ರಕ್ತ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಮೂರು ನಿಮಿಷದಲ್ಲೇ ಪ್ರಾಣ ಹೋಗಬಹುದು. ರಕ್ತ ನಿಲ್ಲಿಸಲು ಬಿಗಿಯುವ ಟೂರ್ನಿಕೆಟ್ ಪಟ್ಟಿಯನ್ನು ಬಟ್ಟೆಯ ಮೇಲೆಯೇ, ಕೈಕಾಲಿನ ಬುಡದಷ್ಟು ಮೇಲೆ ಹಾಕಿ, ಸಡಿಲವಿಲ್ಲದಂತೆ ಎಳೆದು, ಆಮೇಲೆ ಅದರಲ್ಲಿರುವ ಕಡ್ಡಿ ತಿರುಗಿಸಬೇಕು. ಹೆಚ್ಚಾಗಿ ಆಗುವ ತಪ್ಪು ಇಲ್ಲೇ: ಪಟ್ಟಿ ಎಳೆಯದೆ ಕಡ್ಡಿ ತಿರುಗಿಸಿದರೆ ಎಷ್ಟು ಸುತ್ತಿದರೂ ರಕ್ತ ನಿಲ್ಲದು. ನಿಂತ ಮೇಲೆ ಹೊತ್ತು ಬರೆದಿಡಬೇಕು. ನೋವು ತಡೆಯಲಾರದೆ ಸಡಿಲಿಸು ಎಂದು ಗಾಯಾಳು ಬೇಡುತ್ತಾನೆ, ಸಡಿಲಿಸಬಾರದು. ಬಳಸುವುದು ಗಾಯಾಳುವಿನದೇ ಪಟ್ಟಿ, ತನ್ನದನ್ನು ತನಗೆ ಉಳಿಸಿಕೊಳ್ಳಬೇಕು. ಅದಕ್ಕೇ ಎಲ್ಲರೂ ಅದನ್ನು ಒಂದೇ ಜಾಗದಲ್ಲಿ, ಎರಡೂ ಕೈಗೆ ಎಟುಕುವಂತೆ ಕಟ್ಟಿಕೊಳ್ಳುವುದು. ಹೊಟ್ಟೆಗೋ ಎದೆಗೋ ಗುಂಡು ಬಿದ್ದರೆ ಈ ಪಟ್ಟಿಯಿಂದ ಉಪಯೋಗವಿಲ್ಲ. ಒಳಗಿನ ರಕ್ತಸ್ರಾವಕ್ಕೆ ಶಸ್ತ್ರಚಿಕಿತ್ಸೆಯೇ ಗತಿ, ಅಲ್ಲಿಗೆ ಸೇರಿಸಲು ಹೆಲಿಕಾಪ್ಟರ್ ಬೇಕು, ಹೆಲಿಕಾಪ್ಟರಿಗೆ ಮತ್ತೆ ಅದೇ ಕರೆ.

ಮರ್ಫಿ ಮಾಡಿದ್ದನ್ನು ಈ ಲೆಕ್ಕದ ಎದುರಿಗಿಟ್ಟು ನೋಡಬೇಕು. ಗಾಯಗೊಂಡಿದ್ದ ಅವರು ಮರೆಯಿಂದ ಬಯಲಿಗೆ ನಡೆದು ಕರೆ ಮಾಡಿದರು. ಬೆನ್ನಿಗೆ ಗುಂಡು ಬಿದ್ದು ಉಪಕರಣ ಕೈಜಾರಿತು. ಎತ್ತಿಕೊಂಡು, ತಾವಿರುವ ಜಾಗ, ಎದುರಾಳಿಗಳ ಬಲ ಎಲ್ಲವನ್ನೂ ಹೇಳಿ ಮುಗಿಸಿ, ಮತ್ತೆ ಹೋರಾಟಕ್ಕೆ ಮರಳಿದರು. ಆವೇಶದಲ್ಲಿ ನುಗ್ಗಿದ್ದಲ್ಲ ಇದು. ಎಲ್ಲಿಂದ ಮಾತು ಮುಟ್ಟುತ್ತದೆ, ಅಲ್ಲಿ ನಿಂತರೆ ಏನಾಗುತ್ತದೆ, ಎರಡೂ ತಿಳಿದಿದ್ದವನ ನಡೆ. ನಾನು ಓದಿದ ಧೈರ್ಯದ ವರದಿಗಳಲ್ಲಿ ಇದಕ್ಕಿಂತ ಸ್ಪಷ್ಟವಾದದ್ದು ಇನ್ನೊಂದಿಲ್ಲ. ಡೀಟ್ಜ್ ಮತ್ತು ಆ್ಯಕ್ಸೆಲ್‌ಸನ್ ಕೂಡ ಮೈತುಂಬ ಗಾಯವಾದರೂ ಜೊತೆಯವರನ್ನು ಕಾಯುತ್ತ ಕೊನೆಯವರೆಗೆ ಗುಂಡು ಹಾರಿಸಿದರು.

ಕರೆ ಮುಟ್ಟಿತು. ಚಿನೂಕ್ ಮಾದರಿಯ ಎಂಎಚ್-47 ಹೆಲಿಕಾಪ್ಟರ್‌ನಲ್ಲಿ ಎಂಟು ಸೀಲ್ ಯೋಧರು, ಸೇನೆಯ 160ನೇ ವಿಶೇಷ ವೈಮಾನಿಕ ರೆಜಿಮೆಂಟಿನ ಎಂಟು ಜನ ಹೊರಟರು. ಎತ್ತರ ಮತ್ತು ಬಿಸಿ ಸೇರಿದರೆ ಗಾಳಿ ತೆಳುವಾಗಿ ರೆಕ್ಕೆಗಳ ಎತ್ತುವ ಬಲ ಕುಗ್ಗುತ್ತದೆ. ಭಾರದ ಕವಚದ ದಾಳಿ ಹೆಲಿಕಾಪ್ಟರ್‌ಗಳು ಹಿಂದೆ ಬಿದ್ದವು. ಅವುಗಳಿಗೆ ಕಾಯುವುದೋ, ಬೆಂಗಾವಲಿಲ್ಲದೆ ಮುಂದೆ ಹೋಗುವುದೋ? ಕೆಳಗೆ ಜೊತೆಯವರ ರಕ್ತ ಹರಿಯುತ್ತಿತ್ತು. ಮುಂದೆ ಹೋದರು. ರಾಕೆಟ್ ಗ್ರೆನೇಡ್ ತಗುಲಿ 16 ಮಂದಿಯೂ ಸತ್ತರು. ಜನರನ್ನು ಇಳಿಸಲು ನಿಧಾನಿಸಿ ನಿಲ್ಲುವ ಹೆಲಿಕಾಪ್ಟರಿಗಿಂತ ಸುಲಭದ ಗುರಿ ಬೆಟ್ಟದಲ್ಲಿ ಇನ್ನೊಂದಿಲ್ಲ. ಮೇಲೆ ಕಾವಲು ಇರಬೇಕೆಂಬ ನಿಯಮ ಇರುವುದು ಅದಕ್ಕೇ. ಆ ನಿಯಮ ಮುರಿದವರನ್ನು ದೂರಲು ನನಗೆ ಮನಸ್ಸಿಲ್ಲ.

ನಾಲ್ವರಲ್ಲಿ ಬದುಕುಳಿದದ್ದು ಲಟ್ರೆಲ್ ಒಬ್ಬರೇ. ಬೆನ್ನುಮೂಳೆ ಮುರಿದಿತ್ತು, ಮೈಯಲ್ಲಿ ಲೋಹದ ಚೂರುಗಳಿದ್ದವು, ಬಾಯಾರಿಕೆ ಸುಡುತ್ತಿತ್ತು. ತೆವಳಿ, ನಡೆದು ನೀರಿನ ಬಳಿ ಸೇರಿದಾಗ ಅವರನ್ನು ಕಂಡದ್ದು ಮೊಹಮ್ಮದ್ ಗುಲಾಬ್ ಎಂಬ ಪಶ್ತೂನ್ ಹಳ್ಳಿಗ. ಆಸರೆ ಪಡೆದವನನ್ನು ಪ್ರಾಣ ಕೊಟ್ಟಾದರೂ ಕಾಯಬೇಕೆಂಬುದು ಪಶ್ತೂನರ ಪಶ್ತೂನ್‌ವಲಿ ಕಟ್ಟಳೆ. ಒಪ್ಪಿಸಿಬಿಡಿ ಎಂಬ ಬೆದರಿಕೆಗೆ ಊರು ಬಗ್ಗಲಿಲ್ಲ. ರೇಡಿಯೊ ಇಲ್ಲದ ಆ ಊರಿನಿಂದ ಸುದ್ದಿ ಹೋದದ್ದು ಕೈಬರಹದ ಚೀಟಿಯಲ್ಲಿ, ಹಿರಿಯರೊಬ್ಬರು ಅದನ್ನು ಹೊತ್ತು ಅಮೆರಿಕದ ನೆಲೆಗೆ ನಡೆದರು. ಜುಲೈ 2ರಂದು ಸೈನಿಕರು ಬಂದು ಲಟ್ರೆಲ್‌ರನ್ನು ಕರೆದೊಯ್ದರು.

ಹುಡುಕಾಟ ಅಲ್ಲಿಗೆ ನಿಲ್ಲಲಿಲ್ಲ. ಸತ್ತವರನ್ನೂ ಬಿಟ್ಟು ಬರಬಾರದೆಂಬುದು ಈ ಪಡೆಗಳ ಕಟ್ಟುನಿಟ್ಟು. ಮರ್ಫಿ ಮತ್ತು ಡೀಟ್ಜ್ ಅವರ ದೇಹಗಳು ಜುಲೈ 4ರಂದು ಸಿಕ್ಕವು, ಆ್ಯಕ್ಸೆಲ್‌ಸನ್ ಅವರದು ಜುಲೈ 10ರಂದು. ಗುಲಾಬ್ ಮುಂದೆ ವರ್ಷಗಟ್ಟಲೆ ಬೆದರಿಕೆಗಳಲ್ಲೇ ಬದುಕಿ, ಕೊನೆಗೆ ಊರು, ದೇಶ ಎರಡನ್ನೂ ಬಿಟ್ಟು ಅಮೆರಿಕಕ್ಕೆ ಹೋಗಬೇಕಾಯಿತು.