ಮೊಸೆಲ್ ನದಿ ಬಾಯಿ ಬಿಡ್ತಿಲ್ಲ

ಹೆಣ ಸಿಗೋದು ದ್ರಾಕ್ಷಿ ತೋಟದ ತುತ್ತತುದೀಲಿ. ಅಕ್ಟೋಬರ್ ಬೆಳಗ್ಗೆ, ಕೆಳಗಡೆ ಜರ್ಮನಿಯ ಮೊಸೆಲ್ ನದಿ ಮೇಲೆ ಮಂಜು ಇನ್ನೂ ಕರಗಿಲ್ಲ, ಕೊಯ್ಲಿಗೆ ಬಂದವರು ಬುಟ್ಟಿ ಹೊತ್ಕೊಂಡು ಏದುಸಿರು ಬಿಡ್ತಾ ಹತ್ತಿ ಬರ್ತಾರೆ, ನೋಡಿದ್ರೆ ತೋಟದ ಯಜಮಾನ ಸ್ಲೇಟ್ ಕಲ್ಲಿನ ಚೂರುಗಳ ಮೇಲೆ ಬೋರಲು ಬಿದ್ದಿದಾನೆ. ಮೈಮೇಲೆ ಒಂದೇ ಒಂದು ಗಾಯ ಇಲ್ಲ. ಸೊಂಟಕ್ಕೆ ಸಿಗಿಸ್ಕೊಂಡಿದ್ದ ಗ್ಯಾಸ್ ಅಲಾರಂ ಕೂಗಿ ಕೂಗಿ ಬ್ಯಾಟರಿ ಮುಗಿದು ಸುಮ್ಮನಾಗಿದೆ, ಅದರ ಮೆಮೊರಿ ತೆಗೆದು ನೋಡಿದ್ರೆ ಬೆಳಗಿನ ಜಾವ ಆ ಬಟ್ಟಬಯಲಲ್ಲಿ, ಅಷ್ಟು ಎತ್ತರದಲ್ಲಿ, ಗಾಳೀಲಿ ಕಾರ್ಬನ್ ಡೈಆಕ್ಸೈಡ್ 10 ಪರ್ಸೆಂಟಿಗಿಂತ ಜಾಸ್ತಿ ಇತ್ತು ಅಂತ ತೋರಿಸ್ತಿದೆ.

ಇದು ನಾನು ಎರಡು ವರ್ಷದಿಂದ ಬರೀತಾ ಇರೋ ಕಾದಂಬರಿಯ ಮೊದಲ ಅಧ್ಯಾಯ. ಈಗಿನ ಕಾಲದ್ದೇ ಕಥೆ, ಪೊಲೀಸು ಪ್ರಾಸಿಕ್ಯೂಟರು ಲ್ಯಾಬು ಎಲ್ಲಾ ಇದೆ, ಅದರ ಮಧ್ಯೇನೇ ರೋಮನ್ನರ ಕಾಲದ ದೇವತೆಗಳು ಇನ್ನೂ ಮನೆ ಬಿಟ್ಟು ಹೋಗಿಲ್ಲ. ಎಷ್ಟು ಬರೆದಿದ್ದೀನಿ, ಎಲ್ಲಿ ನಿಂತಿದ್ದೀನಿ ಅಂತ ಕೇಳ್ತಾ ಇದ್ರಲ್ಲ, ಅದಕ್ಕೇ ಈ ಪೋಸ್ಟು.

ಇದೇ ಹೆಣ ನೆಲಮಾಳಿಗೆಯಲ್ಲಿ ಸಿಕ್ಕಿದ್ರೆ ಅದರಲ್ಲಿ ರಹಸ್ಯವೇ ಇರ್ತಿರಲಿಲ್ಲ. ದ್ರಾಕ್ಷಿ ರಸ ಹುಳಿತು ವೈನ್ ಆಗುವಾಗ ಒಂದು ಲೀಟರ್ ರಸದಿಂದ 40 ಲೀಟರಿಗೂ ಮೇಲೆ ಈ ಗ್ಯಾಸ್ ಬರುತ್ತೆ, ಗಾಳಿಗಿಂತ ಭಾರ, ಬಣ್ಣ ಇಲ್ಲ, ಹೋಗಿ ನೆಲದ ಹತ್ರ ಕೂತ್ಕೊಳ್ಳುತ್ತೆ. ಹಿಂದೆಲ್ಲ ಮೇಣದ ಬತ್ತಿ ಹಿಡ್ಕೊಂಡು ಇಳೀತಿದ್ರು, ಬತ್ತಿ ಆರಿದ್ರೆ ವಾಪಸ್ ಓಡಬೇಕು. ಆದ್ರೆ ಬತ್ತಿ ಆರೋ ಹೊತ್ತಿಗೆ ಮನುಷ್ಯನಿಗೆ ಅಪಾಯ ಆಗಲೇ ಶುರುವಾಗಿರುತ್ತೆ, ಹಾಗಾಗಿ ಈಗ ಮೀಟರ್ ಇಟ್ಕೋತಾರೆ. ಕೆಳಗೆ ಬಿದ್ದವನನ್ನ ಎಳೆಯೋಕೆ ಹೋದ ಎರಡನೆಯವನೂ ಬೀಳೋ ಥರದ ಸಾವು ಇದು, ವೈನ್ ಮಾಡೋ ಊರುಗಳಲ್ಲಿ ಇದು ಎಲ್ರಿಗೂ ಗೊತ್ತಿರೋ ಭಯ. ನನ್ನ ತನಿಖಾಧಿಕಾರಿ, ಮೊಸೆಲ್ ದಡದ ಟ್ರಿಯರ್ ಊರಿನ ಕ್ರೈಮ್ ಪೊಲೀಸಿನ ಒಬ್ಬಾಕೆ, ಮೊದಲು ಯೋಚಿಸೋದೂ ಅದನ್ನೇ. ಕೆಳಗೆ ನೆಲಮಾಳಿಗೇಲಿ ಸತ್ತವನನ್ನ ಯಾರೋ ಮೇಲಕ್ಕೆ ತಂದು ಹಾಕಿರಬೇಕು. ಹೇಗೆ ತರೋದು? ಆ ಕಡಿದಾದ ಇಳಿಜಾರಲ್ಲಿ ಗೊಬ್ಬರ, ಬುಟ್ಟಿ, ಆಳು ಸಾಗಿಸೋಕೆ ಒಂಟಿ ಹಳಿಯ ಮೇಲೆ ಹಲ್ಲುಚಕ್ರ ಕಚ್ಚಿಕೊಂಡು ಹತ್ತೋ ಒಂದು ಪುಟ್ಟ ಗಾಡಿ ಇರುತ್ತೆ. ಅದರ ಎಂಜಿನ್ ಮುಟ್ಟಿ ನೋಡ್ತಾಳೆ, ತಣ್ಣಗಿದೆ, ಹಳಿ ಮೇಲೆ ರಾತ್ರಿಯ ಜೇಡರಬಲೆ ಹಾಗೇ ಇದೆ.

ಅವನು ಅಷ್ಟು ಹೊತ್ತಲ್ಲಿ ಅಲ್ಲಿಗೆ ಯಾಕೆ ಹೋದ ಅನ್ನೋದಕ್ಕೆ ಮಾತ್ರ ಸಾದಾ ಕಾರಣ ಇದೆ. ಅಕ್ಟೋಬರ್ ಮಂಜಲ್ಲಿ ದ್ರಾಕ್ಷಿಗೆ ಬೂಷ್ಟು ಹಿಡಿಯುತ್ತೆ, ಮಧ್ಯಾಹ್ನ ಬಿಸಿಲು ಬಿದ್ರೆ ಹಣ್ಣು ಒಣದ್ರಾಕ್ಷಿ ಥರ ಸುಕ್ಕಾಗಿ ಸಿಹಿ ಗಟ್ಟಿಯಾಗುತ್ತೆ, ಅದನ್ನ ಒಂದೊಂದೇ ಕಾಳು ಆರಿಸಿ ರಸ ತೆಗೆದು, ರಸದ ಸಿಹಿ ಅಳೆಯೋ ಎಕ್ಸ್ಲೆ ಅನ್ನೋ ಅಳತೆಯಲ್ಲಿ 150 ದಾಟಿದ್ರೆ ಅತೀ ದುಬಾರಿ ವೈನ್ ಆಗುತ್ತೆ. ಬಿಸಿಲಿನ ಬದಲು ಮಳೆ ಬಂದ್ರೆ ಅದೇ ಬೂಷ್ಟು ಇಡೀ ತೋಟ ಕೊಳೆಸುತ್ತೆ. ಇಂಥ ದಿನಗಳಲ್ಲಿ ರೈತ ನಿದ್ದೆ ಮಾಡಲ್ಲ.

ನದಿ ದೇವತೆ ಅಂದ ತಕ್ಷಣ ನನ್ನ ಗೆಳೆಯರೆಲ್ಲ ಲೊರೆಲೈ ಹೆಸರು ಹೇಳಿದ್ರು. ಬೇಡ ಅಂದೆ. ಲೊರೆಲೈ ಬಂಡೆ ಇರೋದು ರೈನ್ ನದೀಲಿ, ಆ ಬಂಡೆ ಮೇಲಿನ ಹೆಣ್ಣಿನ ಕಥೆ 1801ರಲ್ಲಿ ಕ್ಲೆಮೆನ್ಸ್ ಬ್ರೆಂಟಾನೋ ಕಟ್ಟಿದ್ದು, ಅಷ್ಟೊಂದು ಹಳೇದೇನಲ್ಲ. ನನಗೆ ಬೇಕಾಗಿದ್ದು ಈ ನೀರಿನವಳೇ ಆದ ಒಬ್ಬಳು. ಸಿಕ್ಕಳು ಕೂಡ. ಟ್ರಿಯರ್ ಊರಲ್ಲಿ ಆಲ್ಟ್‌ಬಾಖ್‌ಟಾಲ್ ಅಂತ ಒಂದು ಜಾಗ ಇದೆ, ರೋಮನ್ ಕಾಲದಲ್ಲಿ ಅಲ್ಲಿ ಹತ್ತಾರು ಗುಡಿಗಳಿದ್ವು, ಅದರಲ್ಲಿ ರಿಟೋನಾ ಅನ್ನೋ ದೇವತೆಗೂ ಒಂದು ಗುಡಿ. ಹೊಳೆ ದಾಟೋ ಜಾಗದ ದೇವತೆ ಅಂತ ವಿದ್ವಾಂಸರು ಆ ಹೆಸರು ಬಿಡಿಸ್ತಾರೆ. ದಾಟುವವರನ್ನ ನೋಡ್ತಾ ನಿಲ್ಲೋದೇ ಅವಳ ಕೆಲಸ. ಅಂದ್ರೆ ಎರಡು ಸಾವಿರ ವರ್ಷದಿಂದ ಯಾರು ಈ ದಡದಿಂದ ಆ ದಡಕ್ಕೆ ಏನು ಹೊತ್ಕೊಂಡು ಹೋದ್ರು ಅಂತ ಪೂರ್ತಿ ಗೊತ್ತಿರೋ ಸಾಕ್ಷಿ! ಆ ಸಾಲು ಓದಿದ ರಾತ್ರಿ ನಂಗೆ ನಿದ್ದೆ ಬರಲಿಲ್ಲ.

ಆಮೇಲೆ ಔಸೋನಿಯಸ್ ಸಿಕ್ಕ. ನಾಲ್ಕನೇ ಶತಮಾನದ ಕವಿ, ಟ್ರಿಯರ್ ಅರಮನೇಲಿ ರಾಜಕುಮಾರ ಗ್ರೇಷಿಯನ್‌ಗೆ ಪಾಠ ಹೇಳ್ತಿದ್ದ, ಸುಮಾರು 371ರಲ್ಲಿ ಮೊಸೆಲ್ ನದಿ ಮೇಲೇ ಒಂದು ಉದ್ದ ಪದ್ಯ ಬರೆದ. ಮೀನುಗಳ ಪಟ್ಟಿ ಇದೆ, ತೋಟಗಳಿವೆ, ಉಪನದಿಗಳ ಹೆಸರು ಒಂದೊಂದಾಗಿ ಬರುತ್ತೆ, ಇದೆಲ್ಲ ಸರಿ. ಮಧ್ಯದಲ್ಲಿ ಒಂದು ಕಡೆ ಅವನು ಏನ್ ಹೇಳ್ತಾನೆ ಅಂದ್ರೆ, ನಡು ಮಧ್ಯಾಹ್ನ ಜನ ಯಾರೂ ಇಲ್ಲದಾಗ ಬೆಟ್ಟದಿಂದ ಕಾಡುದೇವತೆಗಳು ಇಳಿದು ಬರ್ತಾರಂತೆ, ನೀರಿಂದ ಜಲಕನ್ಯೆಯರು ಎದ್ದು ಬರ್ತಾರಂತೆ, ಆಟ ಆಡ್ತಾರಂತೆ. ಅಷ್ಟು ಹೇಳಿ ತಕ್ಷಣ ತಡೀತಾನೆ, ಇದನ್ನ ಯಾರೂ ಕಣ್ಣಾರೆ ಕಂಡಿಲ್ಲ, ನಾನೂ ಅರ್ಧ ಮಾತ್ರ ಹೇಳ್ತೀನಿ, ಮಿಕ್ಕಿದ ಗುಟ್ಟು ನದಿ ಹತ್ರಾನೇ ಇರಲಿ ಅನ್ನೋ ಅರ್ಥದಲ್ಲಿ. ಪಂಡಿತರು ಇದನ್ನ ಕವಿಯ ವಿನಯ ಅನ್ನಬಹುದು. ನಾನು ಓದಿದ್ದು ಪತ್ತೇದಾರಿ ಕಣ್ಣಲ್ಲಿ, ನಂಗೆ ಕಂಡಿದ್ದು ಏನೋ ನೋಡಿದ ಮನುಷ್ಯ, ಯಾರಿಗೋ ಹೆದರಿ ಅಥವಾ ಯಾರಿಗೋ ಮಾತು ಕೊಟ್ಟು ಹೇಳಿಕೆ ಅರ್ಧಕ್ಕೇ ನಿಲ್ಲಿಸಿರೋ ಮನುಷ್ಯ. ಇಡೀ ಕಾದಂಬರಿ ಹುಟ್ಟಿದ್ದು ಅಲ್ಲಿಂದ. ಈ ಕಣಿವೇಲಿ ಗೊತ್ತಿರೋರೆಲ್ಲ ಅರ್ಧ ಹೇಳಿ ಸುಮ್ಮನಾಗ್ತಾರೆ.

ಸಾಕ್ಷಿ ಸುಮ್ಮನಿರೋದಕ್ಕೆ ಜರ್ಮನ್ ಕಾನೂನಲ್ಲೇ ದಾರಿ ಇದೆ ಅಂತ ಗೊತ್ತಾದಾಗ ಇನ್ನೂ ಖುಷಿಯಾಯ್ತು. ಆರೋಪಿ ತನ್ನ ಗಂಡನೋ ಹೆಂಡತಿಯೋ ಮಕ್ಕಳೋ ಒಡಹುಟ್ಟಿದವರೋ ಆಗಿದ್ರೆ ಸಾಕ್ಷಿ ಹೇಳಲ್ಲ ಅನ್ನೋ ಹಕ್ಕು ಅವರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 52ನೇ ಸೆಕ್ಷನ್ನಲ್ಲಿದೆ. ಹಾಗಾದ್ರೆ ಒಂದು ನದಿಗೆ ರಕ್ತಸಂಬಂಧಿ ಯಾರು? ಅದರ ಉಪನದಿಗಳು. ಸಾರ್, ರೂವರ್, ಕಿಲ್, ಲೀಸರ್, ಎಲ್ಲಾ ಬಂದು ಮೊಸೆಲ್‌ಗೇ ಸೇರೋದು, ಔಸೋನಿಯಸ್ ಇವುಗಳ ಹೆಸರು ಆಗಲೇ ಬರೆದಿಟ್ಟಿದ್ದಾನೆ. ರಿಟೋನಾ ಬಾಯಿ ಬಿಡ್ತಿಲ್ಲ ಅಂದ್ರೆ ಆ ಮೌನವೇ ಒಂದು ಸುಳಿವು, ಕೊಲೆಗಾರ ಅವಳ ಮನೆಯವನು! ಅಧಿಕಾರಿ ಈ ತರ್ಕ ಪ್ರಾಸಿಕ್ಯೂಟರ್ ಮುಂದೆ ಇಡೋ ಸೀನ್ ನಾನು ಏಳು ಸಲ ಬರೆದಿದ್ದೀನಿ. ಅಲ್ಲಿ ತನಿಖೆಗೆ ಯಜಮಾನ ಪ್ರಾಸಿಕ್ಯೂಟರ್ರೇ, ಪೊಲೀಸರು ತಮ್ಮಷ್ಟಕ್ಕೆ ತಾವು ನುಗ್ಗೋ ಹಾಗಿಲ್ಲ, ಹಾಗಾಗಿ ಆ ಮನುಷ್ಯನನ್ನ ಒಪ್ಪಿಸದೆ ಕಥೆ ಮುಂದಕ್ಕೆ ಹೋಗಲ್ಲ.

ಒಂದು ತಪ್ಪು ಮಾಡಿದ್ದೆ, ಅದನ್ನೂ ಹೇಳ್ತೀನಿ. ಟ್ರಿಯರ್‌ಗಿಂತ ಮೇಲಕ್ಕೆ ಮೊಸೆಲ್ ನದಿ ಜರ್ಮನಿಗೂ ಲಕ್ಸೆಂಬರ್ಗ್‌ಗೂ ಗಡಿ. ವಿಚಿತ್ರ ಏನು ಅಂದ್ರೆ ಗಡಿ ಗೆರೆ ನದಿ ಮಧ್ಯದಲ್ಲಿ ಹೋಗಲ್ಲ, 1816ರ ಒಪ್ಪಂದದಿಂದ ಇಡೀ ನೀರು ಎರಡೂ ದೇಶಗಳಿಗೆ ಸೇರಿದ ಜಂಟಿ ಪ್ರದೇಶ. ಹೆಣ ಆ ನೀರಲ್ಲಿ ತೇಲಿದ್ರೆ ಎಷ್ಟು ಚೆನ್ನಾಗಿರುತ್ತೆ ಅಂತ ಮೂರು ಅಧ್ಯಾಯ ಅಲ್ಲೇ ಬರೆದುಬಿಟ್ಟೆ, ಸ್ಲೇಟ್ ಇಳಿಜಾರು, ರೀಸ್ಲಿಂಗ್ ಬಳ್ಳಿ ಎಲ್ಲಾ ಹಾಕಿ. ಆಮೇಲೆ ಗೊತ್ತಾಯ್ತು ಆ ಭಾಗದಲ್ಲಿ ಸುಣ್ಣದ ಕಲ್ಲಿನ ನೆಲ, ಹೆಚ್ಚಾಗಿ ಬೆಳೆಯೋದು ಎಲ್ಬ್ಲಿಂಗ್ ಅನ್ನೋ ಬೇರೆ ದ್ರಾಕ್ಷಿ. ಸ್ಲೇಟ್ ಬೆಟ್ಟಗಳು, ಬ್ರೆಮ್ ಹತ್ರದ ಕಾಲ್ಮಾಂಟ್ ಥರ 65 ಡಿಗ್ರಿವರೆಗೂ ಕಡಿದಾದ ತೋಟಗಳು, ಎಲ್ಲಾ ಟ್ರಿಯರ್ ದಾಟಿ ಕೆಳಕ್ಕೆ. ಮೂರೂ ಅಧ್ಯಾಯ ತೆಗೆದು ಹಾಕಿದೆ. ಕಲ್ಲು ತಪ್ಪಿದ್ರೆ ದೇವತೆನೂ ಸುಳ್ಳಾಗ್ತಾಳೆ. ಹೆಣ ಕೆಳಗಿನ ಸ್ಲೇಟ್ ಬೆಟ್ಟಕ್ಕೆ ಬಂತು, ರಿಟೋನಾ ಮನೆ ಮಾತ್ರ ಮೇಲಿನ ಆ ಜಂಟಿ ನೀರಲ್ಲೇ ಉಳೀತು. ದಾಟುವ ಜಾಗದ ದೇವತೆಗೆ ಅದಕ್ಕಿಂತ ಒಳ್ಳೇ ವಿಳಾಸ ಎಲ್ಲಿದೆ.

ಈಗ ಬರೆಯೋಕೆ ಕಷ್ಟ ಆದ ಭಾಗ. ಟ್ರಿಯರ್ ಊರಲ್ಲಿ ಮಾಟ ಅನ್ನೋ ಪದವನ್ನ ಸರ್ಕಾರಿ ಕಾಗದದಲ್ಲಿ ಹಗುರಾಗಿ ಬರೆಯೋಕೆ ಆಗಲ್ಲ. 1581ರಿಂದ 1593ರವರೆಗೆ ಆ ಸೀಮೇಲಿ ಮಾಟಗಾತಿಯರು ಅಂತ ಹಿಡಿದು ನೂರಾರು ಜನರನ್ನ ಸುಟ್ರು. ಅದಕ್ಕೂ ದ್ರಾಕ್ಷಿಗೂ ನೇರ ಸಂಬಂಧ ಇದೆ. ಆ ವರ್ಷಗಳಲ್ಲಿ ಹಿಮ ಬಿದ್ದು ಆಲಿಕಲ್ಲು ಬಿದ್ದು ಬೆಳೆ ಮೇಲೆ ಬೆಳೆ ಹೋಯ್ತು, ಹವಾಮಾನ ಕೆಡಿಸೋ ಮಾಟ ಯಾರೋ ಮಾಡ್ತಿದಾರೆ ಅಂತ ಜನರೇ ದೂರು ಕೊಟ್ರು. ಡೀಟ್ರಿಷ್ ಫ್ಲಾಡೆ ಅಂತ ಒಬ್ಬ ನ್ಯಾಯಾಧೀಶ, ವಿಶ್ವವಿದ್ಯಾಲಯದ ಮುಖ್ಯಸ್ಥನೂ ಆಗಿದ್ದವನು, ಇಂಥ ಕೇಸುಗಳನ್ನ ವಿಚಾರಣೆ ಮಾಡ್ತಿದ್ದವನೇ ಆರೋಪಿಯಾಗಿ, ಚಿತ್ರಹಿಂಸೆ ತಿಂದು, 1589ರಲ್ಲಿ ಮರಣದಂಡನೆಗೆ ಗುರಿಯಾದ. ಚಿತ್ರಹಿಂಸೆ ಕೊಟ್ರೆ ಯಾರು ಬೇಕಾದ್ರೂ ಏನು ಬೇಕಾದ್ರೂ ಒಪ್ಕೋತಾರೆ ಅಂತ 1631ರಲ್ಲಿ ತನ್ನ ಹೆಸರು ಹಾಕದೆ ಪುಸ್ತಕ ಬರೆದ ಪಾದ್ರಿ ಫ್ರೀಡ್ರಿಷ್ ಷ್ಪೇ ಸಮಾಧಿ ಇರೋದೂ ಅದೇ ಊರಲ್ಲಿ. ನನ್ನ ಅಧಿಕಾರಿ ಕೇಸು ಕೈಗೆ ಬಂದ ದಿನ ಸಂಜೆ ಆ ಸಮಾಧಿ ಹತ್ರ ಹೋಗಿ ಸ್ವಲ್ಪ ಹೊತ್ತು ಕೂರ್ತಾಳೆ. ಮಾಟದಿಂದ ಕೊಲೆ ಆಗಿದೆ ಅಂತ ಅವಳಿಗೆ ಖಾತ್ರಿ ಇದೆ, ಆದ್ರೂ ಫೈಲಲ್ಲಿ ಆ ಪದ ಬರೆಯಲ್ಲ, ಯಾಕಂದ್ರೆ ಆ ಊರಲ್ಲಿ ಹಿಂದೆ ಆ ಪದ ಬರೆದವರು ಏನ್ ಮಾಡಿದ್ರು ಅಂತ ಅವಳಿಗೆ ಗೊತ್ತು. ಪ್ರೇತ ಕಂಡ್ರೆ ಪ್ರೇತ ಅಂದುಬಿಡೋ ಪತ್ತೇದಾರಿ ಕಥೆಗಳು ಸಾಕಷ್ಟಿವೆ. ಕಂಡದ್ದನ್ನ ಸಾಬೀತು ಮಾಡೋವರೆಗೂ ಬಾಯಿಗೆ ತರದವಳ ಕಥೆ ನಂಗೆ ಬೇಕಿತ್ತು.

ಸತ್ತವನ ಚೀಲದಲ್ಲಿ ಒಂದು ಖಾಲಿ ಬಾಟಲಿ ಸಿಗುತ್ತೆ. ಲೇಬಲ್ ಅರ್ಧ ಹರಿದಿದೆ, ಆದ್ರೆ ನಂಬರ್ ಉಳಿದಿದೆ. 1971ರ ವೈನ್ ಕಾನೂನು ಬಂದ ಮೇಲೆ ಜರ್ಮನಿಯ ಕ್ವಾಲಿಟಿ ವೈನ್ ಪ್ರತಿ ಬಾಟಲಿ ಮೇಲೂ ಸರ್ಕಾರಿ ಪರೀಕ್ಷೆಯ ನಂಬರ್ ಇರಬೇಕು, ಯಾವ ಊರು, ಯಾರು ತುಂಬಿಸಿದ್ದು ಅಂತ ಅದರಲ್ಲೇ ಗೊತ್ತಾಗುತ್ತೆ, ಕೊನೇ ಎರಡು ಅಂಕಿ ಪರೀಕ್ಷೆ ಆದ ವರ್ಷ. ಇದರಲ್ಲಿ 86 ಅಂತಿದೆ. ಅಂದ್ರೆ ವೈನ್ ಬಹುಶಃ 1985ರ ಬೆಳೆಯದ್ದು.

ಈ 1985 ಒಂದು ವರ್ಷ ನೋಡಿ ನಾನೇ ದಂಗಾದೆ. ಜೂನ್ 14ಕ್ಕೆ ಷೆಂಗೆನ್ ಊರ ಹತ್ರ, ಅದೇ ಜಂಟಿ ನೀರ ಮೇಲೆ, ಒಂದು ಹಡಗಲ್ಲಿ ಕೂತು ಐದು ದೇಶದವರು ಗಡಿ ತಪಾಸಣೆ ತೆಗೆಯೋ ಒಪ್ಪಂದಕ್ಕೆ ಸಹಿ ಹಾಕಿದ್ರು. ಮುಂದಿನ ತಿಂಗಳು ಡೈಎಥಿಲೀನ್ ಗ್ಲೈಕಾಲ್ ಹಗರಣ ಆಚೆ ಬಂತು, ಆಸ್ಟ್ರಿಯಾದ ವೈನ್ ಸಿಹಿಯಾಗಿ ಗಟ್ಟಿಯಾಗಿ ಅನ್ನಿಸಲಿ ಅಂತ ಆ ಕೆಮಿಕಲ್ ಹಾಕಿದ್ರು, ಅದನ್ನ ತರಿಸಿ ಬೆರೆಸಿದ ಕೆಲವು ಜರ್ಮನ್ ಬಾಟಲಿಗಳಲ್ಲೂ ಅದು ಸಿಕ್ತು, ಏನೂ ತಪ್ಪು ಮಾಡದ ರೈತರ ಹೆಸರೂ ಅದರ ಜೊತೆ ಹಾಳಾಯ್ತು. ಅದೇ ವರ್ಷ ಪೀಸ್‌ಪೋರ್ಟ್‌ನ ತೋಟಗಳ ಬುಡದಲ್ಲಿ ನಾಲ್ಕನೇ ಶತಮಾನದ ರೋಮನ್ ದ್ರಾಕ್ಷಿ ಗಾಣದ ತೊಟ್ಟಿಗಳು ಮಣ್ಣಿಂದ ಎದ್ದು ಬಂದ್ವು. ದಾಟೋ ದಾರಿ ತೆರೀತು, ವೈನ್ ಕೆಡ್ತು, ಹಳೇ ಗಾಣ ಎದ್ದು ಬಂತು. ಇಷ್ಟು ಸಿಕ್ಕ ಮೇಲೆ ನಾನು ಹೊಸದಾಗಿ ಏನೂ ಕಟ್ಟಬೇಕಾಗೇ ಇರಲಿಲ್ಲ.

ನಾನು ಸೇರಿಸಿದ್ದು ಒಂದು ಬಾಂದುಕಲ್ಲು. ಮೊಸೆಲ್ ಕಣಿವೇಲಿ ಅಪ್ಪನ ಜಮೀನು ಮಕ್ಕಳಿಗೆಲ್ಲ ಸಮವಾಗಿ ಹಂಚಿ ಹಂಚಿ ತೋಟಗಳು ರಿಬ್ಬನ್ ಥರ ಚೂರುಚೂರಾಗಿದ್ವು, ಆಮೇಲೆ ಸರ್ಕಾರದವರು ಎಲ್ಲಾ ಒಟ್ಟುಗೂಡಿಸಿ, ಗೋಡೆ ಒಡೆದು, ರಸ್ತೆ ಹಾಕಿ, ಹೊಸ ಅಳತೇಲಿ ಮತ್ತೆ ಹಂಚಿದ್ರು. ನನ್ನ ಕಥೆಯ ಊರಲ್ಲಿ ಆ ಹಂಚಿಕೆ ನಡೆಯೋದು 1985ರಲ್ಲಿ, ಹಿಂದಿನ ರಾತ್ರಿ ಒಬ್ಬ ಒಂದು ಕಲ್ಲು ಸರಿಸ್ತಾನೆ. ಜರ್ಮನಿಯ ಹಳ್ಳಿಗಳಲ್ಲಿ ಹಳೇ ನಂಬಿಕೆ ಒಂದಿದೆ, ಬಾಂದುಕಲ್ಲು ಕದ್ದು ಸರಿಸಿದವನು ಸತ್ತ ಮೇಲೆ ಕೆಂಡದಂಥ ಆ ಕಲ್ಲು ಹೊತ್ಕೊಂಡು ಎಲ್ಲಿಡಲಿ ಎಲ್ಲಿಡಲಿ ಅಂತ ಕೂಗ್ತಾ ರಾತ್ರಿಯೆಲ್ಲ ಅಲೀತಾನೆ, ಎಲ್ಲಿಂದ ತೆಗೆದ್ಯೋ ಅಲ್ಲೇ ಇಡು ಅಂತ ಯಾರಾದ್ರೂ ಅಂದ್ರೆ ಅವನಿಗೆ ಬಿಡುಗಡೆ. ಆದ್ರೆ ಎಲ್ಲಿಂದ ತೆಗೆದಿದ್ದು ಅನ್ನೋದೇ ಯಾರಿಗೂ ನೆನಪಿಲ್ಲದಿದ್ರೆ? ಹಳೇ ನಕ್ಷೆ ಇಲ್ಲ, ಕಂಡವರು ಸತ್ತಿದ್ದಾರೆ, ಹೊಸ ನಕ್ಷೆ ಸುಳ್ಳನ್ನೇ ಸರ್ಕಾರಿ ಮಾಡಿಬಿಟ್ಟಿದೆ.

ನಾನು ಸಿಕ್ಕಿಹಾಕ್ಕೊಂಡಿದ್ದು ಇಲ್ಲೇ, ಹತ್ತಿರ ಹತ್ತಿರ ಐದು ತಿಂಗಳು. ರಿಟೋನಾ ಬಾಯಿ ಬಿಡಲ್ಲ, ನಕ್ಷೆ ಸುಳ್ಳು, ಇನ್ನು ಯಾರನ್ನ ಕೇಳೋದು. ಹೋದ ವಾರ ಮತ್ತೆ ಔಸೋನಿಯಸ್ ತೆಗೆದೆ. ಆ ಕಾಡುದೇವತೆಗಳ ಸಾಲುಗಳ ಪಕ್ಕದಲ್ಲೇ ಇನ್ನೊಂದು ಚಿತ್ರ ಇತ್ತು, ಎಷ್ಟೋ ಸಲ ಓದಿ ದಾಟಿದ್ದೆ. ಸಂಜೆ ಹೊತ್ತು ಇಡೀ ಬೆಟ್ಟ ನದೀಲಿ ಕಾಣುತ್ತೆ, ದೋಣಿಯವನು ನೀರಲ್ಲಿ ಕಾಣೋ ದ್ರಾಕ್ಷಿ ಬಳ್ಳಿಗಳನ್ನ ಎಣಿಸ್ತಾನೆ.

ನಿನ್ನೆ ರಾತ್ರಿ ಆ ಅಧ್ಯಾಯ ಮುಗಿಸಿದೆ. ಅಧಿಕಾರಿ ಎದುರು ದಡದಲ್ಲಿ ಒಬ್ಬಳೇ ನಿಂತಿದಾಳೆ, ಗಾಳಿ ಬಿದ್ದಿದೆ, ನೀರು ಕನ್ನಡಿ ಥರ ನಿಂತಿದೆ. ಬೆಟ್ಟದ ಮೇಲೆ ತಂತಿ ಕಟ್ಟಿದ ಸಾಲುಗಳನ್ನ ಎಣಿಸ್ತಾಳೆ, 41. ನೀರಲ್ಲಿ ಎಣಿಸ್ತಾಳೆ. ಮತ್ತೆ ಎಣಿಸ್ತಾಳೆ. ನೀರಲ್ಲಿ 42 ಇದೆ, ಆ ಕೊನೇ ಸಾಲಿಗೆ ತಂತಿ ಇಲ್ಲ, ಹಳೇ ಕಾಲದ ಹಾಗೆ ಒಂದೊಂದು ಬಳ್ಳಿಗೂ ಒಂದೊಂದು ಗೂಟ, ಕಡ್ಡಿಗಳನ್ನ ಬಗ್ಗಿಸಿ ಹೃದಯದ ಆಕಾರಕ್ಕೆ ಕಟ್ಟಿದಾರೆ, ಅದರ ಬುಡದಲ್ಲಿ ಒಂದು ಕಲ್ಲು ಕೆಂಪಗೆ ಉರೀತಿದೆ.