‘ಕೆಕೆಆರ್‌ಡಿಬಿ ರೊಕ್ಕ ಎಲ್ಲಿ ಹೋಗ್ತದ್ರೀ?’

ಪ್ರತಿ ಬಜೆಟ್ ಮುಗಿದ ಮೇಲೆ ಇದೇ ಪ್ರಶ್ನೆ. ‘ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕ ಐದು ಸಾವಿರ ಕೋಟಿ ಅಂತಾರ, ನಮ್ಮೂರ ಸಾಲಿ ಇನ್ನೂ ಸೋರ್ತದ. ಎಲ್ಲಿ ಹೋಗ್ತದ್ರೀ ಈ ರೊಕ್ಕ?’ ಕೇಳುವವರು ಉತ್ತರವನ್ನೂ ಕಿಸೆಯಲ್ಲೇ ಇಟ್ಟುಕೊಂಡಿರುತ್ತಾರೆ: ‘ತಿಂದ್ರು.’ ಯಾರೂ ತಿನ್ನುವುದಿಲ್ಲ ಎಂದು ಆಣೆ ಮಾಡುವ ಧೈರ್ಯ ನನಗಿಲ್ಲ. ಆದರೆ ತಿನ್ನುವವರಿಲ್ಲದ ವರ್ಷದಲ್ಲೂ ಸಾಲಿ ಸೋರುತ್ತದೆ. ಈ ಹಣದ ಹಣೆಬರಹ ಬಿಲ್ ಪಾಸಾಗುವ ಹೊತ್ತಿಗಿಂತ ಬಹಳ ಮೊದಲು, ಯಾವ ಯಾವ ಕೆಲಸ ಎಂದು ಕ್ರಿಯಾ ಯೋಜನೆ ಬರೆಯುವಾಗಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ ಎಂಬುದು ನನ್ನ ಉತ್ತರ.

ಮೊದಲು ಲೆಕ್ಕ. ಸಂವಿಧಾನದ 98ನೇ ತಿದ್ದುಪಡಿಯಿಂದ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು, 2013ರಲ್ಲಿ ಮಂಡಳಿ ಹೊಸ ರೂಪದಲ್ಲಿ ರಚನೆಯಾಯಿತು. ಈಗ ಅದರ ವ್ಯಾಪ್ತಿ 7 ಜಿಲ್ಲೆ, 41 ವಿಧಾನಸಭಾ ಕ್ಷೇತ್ರ. ಘೋಷಿತ ಅನುದಾನ 2018-19ರಲ್ಲಿ 1,500 ಕೋಟಿ ಇತ್ತು, 2022-23ಕ್ಕೆ 3,000 ಕೋಟಿ, 2023-24ಕ್ಕೆ 5,000 ಕೋಟಿ ಆಯಿತು. ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಈ ಘೋಷಣೆ. ಆರ್ಥಿಕ ಇಲಾಖೆ ನಿಜವಾಗಿ ಬಿಡುಗಡೆ ಮಾಡಿದ್ದು ಎಷ್ಟು, ಖರ್ಚಾದದ್ದು ಎಷ್ಟು ಎಂಬುದು ಬೇರೆ ಎರಡು ಸಂಖ್ಯೆ. ಮೂರನ್ನೂ ಒಂದೇ ಎಂದುಕೊಂಡರೆ ವಾದ ಅಲ್ಲೇ ದಾರಿ ತಪ್ಪುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಕೆಲಸ ಮಾಡಿಸುವ ಅನುಷ್ಠಾನ ಸಂಸ್ಥೆಯ ಖಾತೆಗೆ ಹಾಕಿದ ಹಣ ವರದಿಯಲ್ಲಿ ‘ಖರ್ಚು’ ಎಂದು ಕಾಣಬಹುದು, ಊರಲ್ಲಿ ಮಾತ್ರ ಇನ್ನೂ ಒಂದು ಬುಟ್ಟಿ ಮುರುಮ್ (ಗರಸು ಮಣ್ಣು) ಬಿದ್ದಿರುವುದಿಲ್ಲ.

ಹಂಚಿಕೆಯ ತಳಹದಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. 35 ಮಾನದಂಡ ಹಿಡಿದು ಆಗಿನ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ. ವರದಿ ಒಳ್ಳೆಯದು, ಆದರೆ ಹಳೆಯದು. 2018ರ ಆಸುಪಾಸಿನಲ್ಲಿ ಹುಟ್ಟಿದ ಕಾಳಗಿ, ಕಮಲಾಪುರ, ಯಡ್ರಾಮಿ, ಹುಣಸಗಿ, ವಡಗೇರಾ, ಹುಲಸೂರು, ಕಮಲನಗರದಂಥ ತಾಲ್ಲೂಕುಗಳ ಹೆಸರೇ ಅದರಲ್ಲಿಲ್ಲ. ಮರುಅಧ್ಯಯನಕ್ಕೆ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯ ಸಮಿತಿ ರಚನೆಯಾದದ್ದು 2024ರಲ್ಲಿ. ಇಷ್ಟಾಗಿಯೂ ನನ್ನ ದೊಡ್ಡ ತಕರಾರು ಆ ಮಾನದಂಡಗಳಿಂದ ಕಟ್ಟಿದ ಸೂಚ್ಯಂಕದ ವಯಸ್ಸಿನ ಬಗ್ಗೆ ಅಲ್ಲ. ಯಾವ ಕಡೆಗೆ ಎಷ್ಟು ಕೊಡಬೇಕು ಎಂದಷ್ಟೇ ಸೂಚ್ಯಂಕ ಹೇಳುತ್ತದೆ. ಯಾವ ಕೆಲಸಕ್ಕೆ ಎಂದು ಹೇಳುವುದು ಶಾಸಕರ ಪಟ್ಟಿ. ಆರೋಗ್ಯ ಸೌಲಭ್ಯದಲ್ಲಿ ಹಿಂದುಳಿದದ್ದಕ್ಕೆ ಹೆಚ್ಚು ಪಾಲು ಪಡೆದ ಕ್ಷೇತ್ರ ಆ ಹಣದಲ್ಲಿ ಹೈಮಾಸ್ಟ್ ದೀಪ, ಸಮುದಾಯ ಭವನ ಬರೆಸಿದರೆ ತಡೆಯುವ ಗಟ್ಟಿ ನಿಯಮ ಕಾಣುವುದಿಲ್ಲ.

ಮಂಡಳಿಯ ಹಣದಲ್ಲಿ ಮ್ಯಾಕ್ರೊ, ಮೈಕ್ರೊ ಎಂದು ಎರಡು ಭಾಗ. ಇಡೀ ಪ್ರದೇಶಕ್ಕೋ ಜಿಲ್ಲೆಗೋ ಬೇಕಾದ ದೊಡ್ಡ ಯೋಜನೆ ಮ್ಯಾಕ್ರೊ, ಕ್ಷೇತ್ರವಾರು ಕಾಮಗಾರಿ ಮೈಕ್ರೊ. ರಾಜಕೀಯ ಬಿಗಿಯಾಗಿ ಕೂತಿರುವುದು ಮೈಕ್ರೊದಲ್ಲಿ. ಒಬ್ಬ ಶಾಸಕರ ಕೈಗೆ 30 ಕೋಟಿ ಬಂತು ಎಂದಿಟ್ಟುಕೊಳ್ಳಿ. ಮೂರು ದೊಡ್ಡ ಕೆಲಸ ಮಾಡಿದರೆ ಮೂರು ಊರು ಖುಷಿ, ಉಳಿದವೆಲ್ಲ ಸಿಟ್ಟು. ಅದೇ ಹಣವನ್ನು 15 ಲಕ್ಷದ ತುಂಡು ಮಾಡಿದರೆ 200 ಭೂಮಿಪೂಜೆ. ಮತದ ಲೆಕ್ಕದಲ್ಲಿ ಇದು ಜಾಣತನವೇ, ಶಾಸಕರನ್ನು ಬೈದು ಪ್ರಯೋಜನವಿಲ್ಲ. ಒಂದೊಂದು ಓಣಿಯೂ ಅವರ ಮನೆ ಮುಂದೆ ನಿಂತು ಕೇಳುವುದು ಸಿಸಿ (ಕಾಂಕ್ರೀಟ್) ರಸ್ತೆಯನ್ನೇ.

ಆದರೆ ಆ 200 ಕಾಮಗಾರಿಗೆ 200 ಎಸ್ಟಿಮೇಟ್, 200 ಕಡತ, ಒಂದೊಂದಕ್ಕೂ ಅಳತೆ ಪುಸ್ತಕದ ನಮೂದು, ಬಿಲ್, ಗುಣಮಟ್ಟ ತಪಾಸಣೆ ಬೇಕು. ತಾಲ್ಲೂಕಿನ ಉಪವಿಭಾಗದಲ್ಲಿ ಒಬ್ಬ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್), ಕೈಕೆಳಗೆ ಮೂವರು ಜೆಇ (ಕಿರಿಯ ಎಂಜಿನಿಯರ್) ಇದ್ದರೆ ಒಬ್ಬೊಬ್ಬ ಜೆಇ ತಲೆಗೆ ಸುಮಾರು 67 ಕಾಮಗಾರಿ. ಇದರ ಮೇಲೆ ಜಲಜೀವನ, ನರೇಗಾ, ಶಾಸಕರ ನಿಧಿಯ ಕೆಲಸವೂ ಅವರದೇ. ಕಾಂಕ್ರೀಟ್ ಹಾಕುವ ಹೊತ್ತಿಗೆ ಜೆಇ ಸ್ಥಳದಲ್ಲಿ ಇರುವುದಿಲ್ಲ ಎಂದು ದೂರುವ ಮುಂಚೆ ಈ ಭಾಗಾಕಾರ ಮಾಡಿ ನೋಡಿ.

ತುಂಡು ಮಾಡಿದಾಗ ಕೆಲಸದ ತಿರುಳೂ ಹೋಗುತ್ತದೆ. 10 ಲಕ್ಷದ ಅಂದಾಜಿನಲ್ಲಿ ಶೇ 18ರ ಜಿಎಸ್‌ಟಿಗೇ ಸುಮಾರು ಒಂದೂವರೆ ಲಕ್ಷ ಹೋಗುತ್ತದೆ, ಶೇ 1 ಕಾರ್ಮಿಕ ಸೆಸ್ ಬೇರೆ. ಉಳಿದದ್ದರಲ್ಲಿ ರಸ್ತೆಯ ಉದ್ದ ಕಡಿಮೆ ಮಾಡಿದರೆ ಊರವರು ಒಪ್ಪುವುದಿಲ್ಲ, ಆದ್ದರಿಂದ ಕತ್ತರಿ ಬೀಳುವುದು ಕಣ್ಣಿಗೆ ಕಾಣದ್ದಕ್ಕೆ: ಮಗ್ಗುಲಿನ ಚರಂಡಿಗೆ, ಅಡ್ಡಮೋರಿಗೆ, ಬುಡದ ಮುರುಮ್ ಪದರಕ್ಕೆ. ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬುಡದ ಪದರ, ನೀರು ಹೋಗುವ ದಾರಿ ಎರಡೂ ಇಲ್ಲದ ಸಿಸಿ ರಸ್ತೆ ಜೇವರ್ಗಿ, ಶಹಾಪುರದ ಕಡೆ ಒಂದೆರಡು ಮಳೆಗಾಲದಲ್ಲೇ ಸೀಳು ಬಿಡುತ್ತದೆ. ಮತ್ತೆ ಅದೇ ರಸ್ತೆ ಮುಂದಿನ ಪಟ್ಟಿಗೆ ಸೇರುತ್ತದೆ.

ಇನ್ನು ಆಡಳಿತದ ದಾರಿ. ಶಾಸಕರ ಪಟ್ಟಿ, ಜಿಲ್ಲಾ ಮಟ್ಟದ ಪರಿಶೀಲನೆ, ಮಂಡಳಿಯ ಅನುಮೋದನೆ, ಎಸ್ಟಿಮೇಟ್, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಹೆಚ್ಚು ದಿನ ತಿನ್ನುವುದು ಟೆಂಡರ್ ಎಂದು ಜನ ತಿಳಿದಿದ್ದಾರೆ. ಆದರೆ ಪಟ್ಟಿ ಬರುವಾಗಲೇ ತಡವಾಗಿರುತ್ತದೆ, ಬಂದ ಮೇಲೆ ಬದಲಾಗುವುದರಿಂದ ಇನ್ನೂ ತಡ. ‘ಬದಲಿ ಕಾಮಗಾರಿ’ ಎಂಬ ಪತ್ರವೇ ಈ ವ್ಯವಸ್ಥೆಯ ನಿಜವಾದ ಬ್ರೇಕು. ಜಾಗದ ಪಹಣಿ ನೋಡದೆ ಅಂಗನವಾಡಿ ಬರೆಸಿರುತ್ತಾರೆ, ಆಮೇಲೆ ಅದು ಗಾಯರಾಣ (ದನ ಮೇಯಲು ಬಿಟ್ಟ ಸರ್ಕಾರಿ ಜಾಗ) ಎಂದೋ, ಚಿಂಚೋಳಿ ಕಡೆಯಾದರೆ ಅರಣ್ಯ ಎಂದೋ ಗೊತ್ತಾಗುತ್ತದೆ. ಇಲ್ಲವೇ ಊರಲ್ಲಿ ಎರಡು ಪಾರ್ಟಿ, ಒಬ್ಬರ ಓಣಿ ಬಿಟ್ಟು ಇನ್ನೊಬ್ಬರ ಓಣಿಗೆ ಹೋಗಬೇಕು. ಪ್ರತಿ ಬದಲಾವಣೆಯೂ ಮತ್ತೆ ಅನುಮೋದನೆಗೆ ಮೇಲೆ ಹೋಗಿ ಬರಬೇಕು. ಈ ನಡುವೆ ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಬಾರದೆ ಮುಂದಿನ ಕಂತು ಬಿಡುವುದಿಲ್ಲ. ಒಂದು ಸಂಸ್ಥೆ ಕಾಗದ ಕೊಡದಿದ್ದರೆ ಚುರುಕಾಗಿ ಕೆಲಸ ಮಾಡಿದ ಇನ್ನೊಂದೂ ಕಾಯುತ್ತದೆ.

ಕ್ಯಾಲೆಂಡರ್ ಸಹ ನಮ್ಮ ಪರ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರೆಹೊಲದ ದಾರಿಯಲ್ಲಿ ಲಾರಿ ಇಳಿಯುವುದಿಲ್ಲ. ಪಟ್ಟಿ ಡಿಸೆಂಬರ್‌ಗೆ ಅಂತಿಮವಾದರೆ ಟೆಂಡರ್ ಮುಗಿದು ಕೆಲಸಕ್ಕೆ ಸಿಗುವುದು ಫೆಬ್ರುವರಿ, ಮಾರ್ಚ್. ಆಗ ಕೂಲಿಯವರು ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಕಾಂಕ್ರೀಟಿಗೆ ನೀರುಣಿಸಬೇಕೆಂದರೆ ಕುಡಿಯುವುದಕ್ಕೇ ನೀರಿಲ್ಲ. ಇಷ್ಟರ ಮೇಲೆ 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ ಚುನಾವಣೆ: ಎರಡು ಬಾರಿಯೂ ನೀತಿ ಸಂಹಿತೆ ಬಿದ್ದದ್ದು ಮಾರ್ಚ್‌ನಲ್ಲಿ. 2023ರ ಮೇನಲ್ಲಿ ಸರ್ಕಾರ ಬದಲಾದಾಗ ಹಿಂದಿನ ಅವಧಿಯ, ಇನ್ನೂ ಶುರುವಾಗದ ಕಾಮಗಾರಿಗಳನ್ನು ತಡೆಹಿಡಿಯಲು ಆದೇಶವಾಯಿತು. ಯಾವ ಪಕ್ಷ ಬಂದರೂ ಇದು ನಡೆಯುತ್ತದೆ, ಮಂಡಳಿಯ ಅಧ್ಯಕ್ಷರೂ ಆಗಲೇ ಬದಲಾಗುತ್ತಾರೆ.

ಕಟ್ಟಡದ ಮೋಹದ ಬಗ್ಗೆ ಒಂದು ಮಾತು. ಕಟ್ಟುವುದಕ್ಕೆ ಹಣ ಸಿಗುವುದು ಸುಲಭ, ನಡೆಸುವುದಕ್ಕೆ ಕಷ್ಟ. ಊರೂರಿನ ಶುದ್ಧ ನೀರಿನ ಘಟಕಗಳನ್ನೇ ನೋಡಿ. ಘಟಕ ಕೂರಿಸಿದ ದಿನ ಯೋಜನೆ ಮುಗಿಯಿತು. ಮೆಂಬ್ರೇನ್, ಕಾರ್ಟ್ರಿಜ್ ಬದಲಿಸುವುದು, ಕರೆಂಟ್ ಬಿಲ್ ಕಟ್ಟುವುದು, ಬತ್ತಿದ ಬೋರಿಗೆ ಬದಲಿ ಹುಡುಕುವುದು ಯಾರು? ಪಂಚಾಯಿತಿ ಗುತ್ತಿಗೆದಾರರತ್ತ ಬೆರಳು ತೋರಿಸುತ್ತದೆ, ಗುತ್ತಿಗೆದಾರರು ನಿರ್ವಹಣೆಯ ಅವಧಿ ಮುಗಿಯಿತು ಎನ್ನುತ್ತಾರೆ. ಇದಕ್ಕೆ ಎದುರಾಗಿ ಕಲಬುರಗಿಯ 371 ಹಾಸಿಗೆಯ ಜಯದೇವ ಹೃದ್ರೋಗ ಆಸ್ಪತ್ರೆಯನ್ನು ಇಡಬಹುದು. ಮಂಡಳಿಯ ಹಣ ಅಲ್ಲೂ ಇದೆ, 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅಲ್ಲಿ ವ್ಯತ್ಯಾಸ ಮಾಡಿದ್ದು ಹಣದ ಮೊತ್ತಕ್ಕಿಂತ ಹೆಚ್ಚಾಗಿ, ಕಟ್ಟಿದ ಮೇಲೆ ನಡೆಸುವ ಸಂಸ್ಥೆ ಮೊದಲೇ ಗೊತ್ತಿದ್ದದ್ದು.

ಇದಕ್ಕಿಂತ ಮೆಲ್ಲಗೆ ಆಗುವ ನಷ್ಟ ಇನ್ನೊಂದು. ಈ ಅನುದಾನ ಇಲಾಖೆಗಳ ಮಾಮೂಲಿ ಬಜೆಟ್ಟಿನ ಮೇಲೆ ಹೆಚ್ಚುವರಿಯಾಗಿ ಸಿಗಬೇಕಾದದ್ದು. ಆದರೆ ಶಾಲಾ ಕೊಠಡಿ ಕೇಳಿದರೆ ‘ನಿಮಗ ಕೆಕೆಆರ್‌ಡಿಬಿ ಅದ ಅಲ್ರೀ, ಅದರಾಗ ಮಾಡಿಸಿಕೊಳ್ರಿ’ ಎಂಬ ಉತ್ತರ ಬಂದರೆ, ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದು ಕೈಯಲ್ಲಿ ವಾಪಸಾಯಿತು. ಇದನ್ನು ಹಿಡಿಯಲು ಇಲಾಖಾವಾರು, ಜಿಲ್ಲಾವಾರು ಖರ್ಚನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಮಂಡಳಿಯ ಕಾರ್ಯವೈಖರಿಯ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕೆಂದು 371(ಜೆ)ಯಲ್ಲೇ ಇದೆ. ಅದರ ಮೇಲೆ ಗಂಟೆಗಟ್ಟಲೆ ಚರ್ಚೆ ಆಗಬೇಕಿತ್ತು. ಕೆಳಗಡೆ ಕೇಳುವವರೂ ಇಲ್ಲ: ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಶಾಸಕರ ಪಟ್ಟಿಗೆ ಎದುರು ಪಟ್ಟಿ ಇಡಬಲ್ಲ ಚುನಾಯಿತ ಸಭೆ ಇಲ್ಲದಂತಾಯಿತು.

ನಿಮ್ಮೂರ ಒಂದು ಕಾಮಗಾರಿಯ ಬೆನ್ನು ಹತ್ತುವುದಾದರೆ ಮಾಹಿತಿ ಹಕ್ಕಿನ ಅರ್ಜಿಯನ್ನು ಮಂಡಳಿಗೆ ಹಾಕಬೇಡಿ, ಅಲ್ಲಿಂದ ವರ್ಗಾವಣೆಯಾಗಿಯೇ ದಿನ ಹೋಗುತ್ತದೆ. ಕೆಲಸದ ಫಲಕ ನೋಡಿ ಅನುಷ್ಠಾನ ಸಂಸ್ಥೆ ಯಾವುದು ಎಂದು ತಿಳಿದು, ಅದರ ಇಇ (ಕಾರ್ಯನಿರ್ವಾಹಕ ಎಂಜಿನಿಯರ್) ಕಚೇರಿಯ ಮಾಹಿತಿ ಅಧಿಕಾರಿಗೆ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಎಲ್ಲ ಕಾಮಗಾರಿಗಳ ಎಲ್ಲ ಮಾಹಿತಿ’ ಎಂದು ಬರೆದರೆ ತಿರಸ್ಕರಿಸಲು ನೀವೇ ನೆಪ ಕೊಟ್ಟಂತೆ. ಒಂದೇ ಕಾಮಗಾರಿಯ ಹೆಸರು ಬರೆದು, ಮಂಜೂರಾದ ಎಸ್ಟಿಮೇಟ್, ಅಳತೆ ಪುಸ್ತಕದ ಪುಟ, ತಪಾಸಣಾ ವರದಿ, ಇಷ್ಟರ ನಕಲು ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ. ನಕಲು ಕೈಗೆ ಬಂದ ಮೇಲೆ ಟೇಪ್ ಹಿಡಿದು ಉದ್ದ, ಅಗಲ ಅಳೆಯಿರಿ. ದಪ್ಪವನ್ನು ರಸ್ತೆಯ ಅಂಚಿನಲ್ಲಿ ನೋಡಿ. ಬುಡದ ಪದರ, ಚರಂಡಿ ಎಸ್ಟಿಮೇಟಿನಲ್ಲೇ ಇತ್ತೋ ಇಲ್ಲವೋ ಗಮನಿಸಿ: ಇದ್ದು ಹಾಕದಿದ್ದರೆ ಅದು ಗುತ್ತಿಗೆದಾರರ ತಪ್ಪು, ಎಸ್ಟಿಮೇಟಿನಲ್ಲೇ ಇಲ್ಲದಿದ್ದರೆ ತಪ್ಪು ಹುಟ್ಟಿದ್ದು ಪಟ್ಟಿ ಬರೆದ ದಿನ. ದೋಷ ಸರಿಪಡಿಸುವ ಅವಧಿ ಯಾವಾಗ ಮುಗಿಯುತ್ತದೆ ಎಂಬುದು ಕರಾರುಪತ್ರದಲ್ಲಿರುತ್ತದೆ. ಭದ್ರತಾ ಠೇವಣಿ ವಾಪಸಾಗುವ ಮುಂಚೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.