ಹೊಳಪು ಪುಟಗಳಲ್ಲಿ ದುಡಿಯುವ ಕೈ ಹುಡುಕುತ್ತಾ

ಫ್ಯಾಶನ್ ಪುಟ ತಿರುಗಿಸುವಾಗ ಎಲ್ಲರೂ ಮುಖ ನೋಡುತ್ತಾರೆ, ಸೀರೆ ನೋಡುತ್ತಾರೆ. ಕೈ ನೋಡುವವರು ಕಮ್ಮಿ. ಕತ್ತರಿ ಹಿಡಿದು ಕೂತರೆ ಮಾತ್ರ ಕೈ ಕಣ್ಣಿಗೆ ಬೀಳುತ್ತದೆ, ಯಾಕಂದ್ರೆ ಬೆರಳುಗಳ ಸುತ್ತ ಕತ್ತರಿಸುವಷ್ಟು ಕಿರಿಕಿರಿಯ ಕೆಲಸ ಇನ್ನೊಂದಿಲ್ಲ.

ಪತ್ರಿಕೆಯ ಚಿತ್ರಗಳನ್ನು ಕತ್ತರಿಸಿ ಅಂಟಿಸಿ ಮಾಡುವ ನನ್ನ ಕೊಲಾಜ್‌ಗೆ ಒಂದು ಜೊತೆ ಕೈ ಬೇಕಿತ್ತು. ಕಾಸರಗೋಡಿನ ನಮ್ಮ ಬದಿಯಡ್ಕದ ಕಡೆ ದಿನಾ ಕಾಣುವಂಥ ಕೈ: ಮಡಿಲಲ್ಲಿ ತಡ್ಪೆ (ಮೊರ) ಇಟ್ಟು ಬೀಡಿ ಕಟ್ಟುವ ಕೈ, ಅಡಿಕೆ ಸುಲಿದು ಸುಲಿದು ಉಗುರಿನ ಸಂದಿ ಕಪ್ಪಾದ ಕೈ. ಅಟ್ಟದಿಂದ ಇಳಿಸಿದ ಹಳೆ ಪತ್ರಿಕೆಗಳ ಅಷ್ಟು ದೊಡ್ಡ ರಾಶಿಯಲ್ಲಿ ಅಂಥದ್ದು ಒಂದೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಕೆನ್ನೆಗೆ ತಾಗಿದ ಬೆರಳು, ಕಿವಿಯೋಲೆ ಮುಟ್ಟುವ ಬೆರಳು, ಸೆರಗಿನ ಅಂಚನ್ನು ಹಿಡಿದೂ ಹಿಡಿಯದ ಹಾಗಿರುವ ಬೆರಳು. ಅದೇ ಪತ್ರಿಕೆಯ ಕಾರಿನ ಜಾಹೀರಾತಿನಲ್ಲಿ ಗಂಡಸಿನ ಕೈ ನೋಡಿ, ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1970ರ ದಶಕದಲ್ಲೇ ಜಾಹೀರಾತುಗಳನ್ನು ರಾಶಿ ಹಾಕಿಕೊಂಡು ನೋಡಿ ಇದನ್ನು ಗುರುತಿಸಿದ್ದರು. ಹೆಂಗಸಿನ ಕೈ ವಸ್ತುವನ್ನು ಸವರುತ್ತದೆ ಅಷ್ಟೇ, ಅದರಿಂದ ಕೆಲಸ ಮಾಡುವುದಿಲ್ಲ. ಅಷ್ಟು ವರ್ಷವಾದ ಮೇಲೂ ನನ್ನ ಮುಂದಿನ ರಾಶಿಯಲ್ಲಿ ಅದೇ ಕೈ.

ನಮ್ಮದು ಗಡಿನಾಡಿನ ಮನೆ. ಅಜ್ಜಿಗೆ ಕನ್ನಡದ ವಾರಪತ್ರಿಕೆ, ಅತ್ತಿಗೆಗೆ ಮಲಯಾಳಂನ ‘ವನಿತಾ’. ಎರಡನ್ನೂ ಪಕ್ಕಪಕ್ಕ ಇಟ್ಟು ಕತ್ತರಿಸುತ್ತಿದ್ದಾಗ ಚಿನ್ನದಂಗಡಿಯ ಒಂದೇ ಜಾಹೀರಾತು ಎರಡರಲ್ಲೂ ಸಿಕ್ಕಿತು. ಅದೇ ಹುಡುಗಿ, ಅದೇ ಕತ್ತು, ಅದೇ ನಗು. ಅಕ್ಷರ ಮಾತ್ರ ಬೇರೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದಾಗಿನಿಂದ ನಾವಿಲ್ಲಿ ಶಾಲೆಯ ಭಾಷೆಗೆ, ಕಚೇರಿಯ ಅರ್ಜಿಯ ಭಾಷೆಗೆ ಹೋರಾಡುತ್ತಲೇ ಇದ್ದೇವೆ, ಹೋರಾಡಬೇಕು ಕೂಡಾ, ಆದರೆ ಈ ಒಂದು ಮುಖ ಎರಡೂ ಭಾಷೆಯಲ್ಲಿ ನಮ್ಮ ಜಗಲಿಗೆ ಬಂದು ಕೂತರೆ ಯಾರೂ ತಕರಾರು ಎತ್ತುವುದಿಲ್ಲ ಅಲ್ವಾ? ಅವಳ ಮುಖವನ್ನು ನಡುವೆ ಸೀಳಿ, ಅರ್ಧ ಅಲ್ಲಿಂದ ಅರ್ಧ ಇಲ್ಲಿಂದ ಜೋಡಿಸಿ ಅಂಟಿಸಿದೆ. ಗೆರೆ ಸಹ ಕಾಣದ ಹಾಗೆ ಕೂತಿತು.

ಬಣ್ಣದ ವಿಷಯ ಇನ್ನೂ ಬೇಜಾರಿನದ್ದು. ಪಕ್ಕದ ಮನೆಯ ಅಕ್ಕನ ಮೈಬಣ್ಣ ನನಗೆ ಬೇಕಿತ್ತು. ಮಾಡೆಲ್‌ಗಳ ಮೈಯಲ್ಲಿ ಅದು ಸಿಗಲಿಲ್ಲ. ಕೊನೆಗೆ ತೇಗದ ಮಂಚದ ಜಾಹೀರಾತು, ಕಾಫಿ ಪುಡಿಯ ಜಾಹೀರಾತು, ಚಾಕಲೇಟು ಕೇಕಿನ ಫೋಟೋ, ಇವುಗಳಿಂದ ಚೂರುಚೂರು ಕತ್ತರಿಸಿ ಅವರ ಕೆನ್ನೆ ಮಾಡಿದೆ. ಅಂದರೆ ಆ ಬಣ್ಣ ಮುದ್ರಣಾಲಯದಲ್ಲಿ ಇಲ್ಲ ಅಂತಲ್ಲ. ಮಂಚಕ್ಕೆ ಕೊಡುತ್ತಾರೆ, ಹೆಂಗಸಿಗೆ ಕೊಡುವುದಿಲ್ಲ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿಯ ಹೆಸರು 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾದದ್ದು ಒಳ್ಳೆಯದೇ. ಪುಟಗಳ ಬಣ್ಣ ಬದಲಾಗುವುದು ಯಾವಾಗ?

ಈ ದಾರಿಯನ್ನು ಮೊದಲು ತುಳಿದವರಲ್ಲಿ ನನಗೆ ತುಂಬಾ ಇಷ್ಟ ಜರ್ಮನಿಯ ಕಲಾವಿದೆ ಹಾನಾ ಹ್ಯೋಖ್. 1916ರಿಂದ 1926ರವರೆಗೆ ಬರ್ಲಿನ್‌ನ ಉಲ್‌ಸ್ಟೈನ್ ಪ್ರಕಾಶನದಲ್ಲಿ ಕಸೂತಿ, ಲೇಸಿನ ಡಿಸೈನ್ ಬಿಡಿಸುವುದು ಅವರ ಕೆಲಸ. ಹೆಂಗಸರ ಪತ್ರಿಕೆಗಳು ತಯಾರಾಗುವ ಜಾಗ ಅದು. ಅಲ್ಲಿ ಅಚ್ಚಾದ ಚಿತ್ರಗಳನ್ನೇ ಮನೆಗೆ ತಂದು ಕತ್ತರಿಸುತ್ತಿದ್ದರು. ದಾದಾ ಅನ್ನುವ ಬಂಡಾಯದ ಕಲಾ ಚಳವಳಿಯ 1920ರ ಪ್ರದರ್ಶನದಲ್ಲಿಟ್ಟ ಅವರ ದೊಡ್ಡ ಕೊಲಾಜ್‌ನ ಹೆಸರಲ್ಲೇ ಅಡುಗೆಮನೆಯ ಚಾಕು ಇದೆ. ಅದರ ಬಲಗಡೆ ಕೆಳಗಿನ ಮೂಲೆಯಲ್ಲಿ, ಯುರೋಪಿನ ಯಾವ ದೇಶಗಳಲ್ಲಿ ಹೆಂಗಸರಿಗೆ ಓಟು ಇದೆ ಅಂತ ತೋರಿಸುವ ಸಣ್ಣ ಭೂಪಟ, ಅದರ ಜೊತೆ ತಮ್ಮದೇ ಪುಟ್ಟ ಮುಖ ಅಂಟಿಸಿದ್ದಾರೆ. ಜರ್ಮನಿಯ ಹೆಂಗಸರು ಮೊದಲ ಸಲ ದೇಶದ ಚುನಾವಣೆಯಲ್ಲಿ ಓಟು ಹಾಕಿದ್ದು 1919ರ ಜನವರಿಯಲ್ಲಿ, ಹಾಗಾಗಿ ಅದು ಆಗಿನ್ನೂ ಬಿಸಿಬಿಸಿ ಸುದ್ದಿ. ನೈರೋಬಿಯಲ್ಲಿ ಹುಟ್ಟಿದ ಕಲಾವಿದೆ ವಾಂಗೆಚಿ ಮುಟು ಅವರ ಕೆಲಸವನ್ನೂ ಹುಡುಕಿ ನೋಡಿ. ಫ್ಯಾಶನ್ ಪತ್ರಿಕೆಯ ತುಟಿ, ಕಣ್ಣುಗಳನ್ನು ಹಳೆ ವೈದ್ಯಕೀಯ ಚಿತ್ರಗಳ ಮೇಲೆ ಅಂಟಿಸಿ ಮುಖ ಮಾಡುತ್ತಾರೆ. ನೋಡಿದವರಿಗೆ ಒಮ್ಮೆ ಹೊಟ್ಟೆಯೊಳಗೆ ಕಸಿವಿಸಿ ಆಗಲೇಬೇಕು.

ಸೀರೆ, ಒಡವೆ ಇಷ್ಟ ಇಲ್ವಾ ನಿಂಗೆ ಅಂತ ಅತ್ತಿಗೆ ಕೇಳಿದರು. ಇಷ್ಟವೇ. ಚೆಂದ ಕಾಣುವ ಆಸೆ ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ. ನನ್ನ ಜಗಳ, ಚೆಂದ ಅಂದರೆ ಈ ಒಂದೇ ಕತ್ತು ಅಂತ ತೀರ್ಮಾನ ಮಾಡಿದವರ ಜೊತೆ.

ಮಾಡಿ ನೋಡುವವರಿಗೆ ಒಂದು ಮಾತು. ಹೊಳಪಿನ ಕಾಗದಕ್ಕೆ ಮೈದಾ ಅಂಟು ಬೇಡ, ಸುಕ್ಕು ಬರುತ್ತದೆ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಸವರಿ, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿ ಇಡೀ ಬಿಡಿ.

ರಜೆಯಲ್ಲಿ ಹತ್ತಿರದ ಹೈಸ್ಕೂಲಿನ ಹುಡುಗಿಯರನ್ನು ಕೂರಿಸಿಕೊಂಡು ಇದನ್ನು ಮಾಡುವ ಆಲೋಚನೆ ಇದೆ. ಅವರಿಗೆ ಪತ್ರಿಕೆಗಿಂತ ಫೋನಿನ ಫಿಲ್ಟರ್ ಜಾಸ್ತಿ ಗೊತ್ತು. ಹಾಗಾಗಿ ಫಿಲ್ಟರ್ ಹಾಕಿದ್ದು, ಹಾಕದ್ದು, ಎರಡೂ ಫೋಟೋ ಪ್ರಿಂಟ್ ತನ್ನಿ ಅಂದಿದ್ದೇನೆ. ಕತ್ತರಿ, ಅಂಟು ನನ್ನ ಲೆಕ್ಕ. ಏನನ್ನು ಕತ್ತರಿಸಬೇಕು ಅನ್ನುವುದನ್ನು ಅವರೇ ಹೇಳಲಿ.